ಕಡಿಮೆ ಕಾಸಿನಲ್ಲಿ ಬಾಹ್ಯಾಕಾಶ ಯೋಧನ ಕವಚ: ಯಾವುದಕ್ಕೆ ದುಡ್ಡು ಹಾಕಲಿ, ಯಾವುದಕ್ಕೆ ಬೇಡ?

ಒಂಟಿ ಉಪಗ್ರಹ:

ನಮಸ್ಕಾರ. ವೇಷ ಹಾಕಲು ನನಗೊಂದು ಸೈ-ಫೈ ಕವಚ ಮಾಡಬೇಕಿದೆ. ಯಾವ ಸಿನಿಮಾದ ಪಾತ್ರವೂ ಅಲ್ಲ, ನನ್ನದೇ ಕಲ್ಪನೆ. ಎಲ್ಲರೂ ಬಿಟ್ಟು ಹೋದ ಬಾಹ್ಯಾಕಾಶ ನಿಲ್ದಾಣ, ಅದರಲ್ಲಿ ಉಳಿದುಹೋದ ಒಬ್ಬ ಕಾವಲುಗಾರ. ಹಾಗಾಗಿ ಫಳಫಳ ಹೊಳೆಯುವ ಹೊಸ ಕವಚ ಬೇಡ. ಸವೆದದ್ದು, ಗೀರು ಬಿದ್ದದ್ದು, ಅಲ್ಲಲ್ಲಿ ತೇಪೆ ಹಾಕಿದ್ದು ಬೇಕು. ಎದೆ, ಬೆನ್ನು, ಎರಡು ಭುಜ, ಮುಂಗೈ, ತೊಡೆ, ಮೊಣಕಾಲ ಕೆಳಗಿನ ಭಾಗ, ಜೊತೆಗೆ ಹೆಲ್ಮೆಟ್.

ಸಮಸ್ಯೆ ದುಡ್ಡಿನದು. ವಿಡಿಯೋಗಳಲ್ಲಿ ನೋಡಿದರೆ ಒಬ್ಬರು ಬಿಸಿ ಮಾಡಿ ಬಗ್ಗಿಸುವ ಥರ್ಮೋಪ್ಲಾಸ್ಟಿಕ್ ಹಾಳೆ ಹಿಡಿದು ಕೂತಿರುತ್ತಾರೆ, ಇನ್ನೊಬ್ಬರ ಹಿಂದೆ ತ್ರೀಡಿ ಪ್ರಿಂಟರ್ ಓಡುತ್ತಿರುತ್ತದೆ. ಎರಡೂ ನನ್ನ ಕೈಗೆ ಎಟುಕುವುದಿಲ್ಲ. ನನ್ನ ಹತ್ತಿರ ಇರುವುದು ಕತ್ತರಿ, ಒಂದು ಕಟರ್, ಹಾಟ್ ಗ್ಲೂ ಗನ್, ಹೇರ್ ಡ್ರೈಯರ್, ಮತ್ತೆ ಒಂದು ರಾಶಿ ರಟ್ಟಿನ ಡಬ್ಬಗಳು. ನೆಲಕ್ಕೆ ಹಾಸುವ, ಒಂದಕ್ಕೊಂದು ಸಿಕ್ಕಿಸುವ ಫೋಮ್ ಮ್ಯಾಟ್ ಇದ್ದರೆ ಸಾಕು ಅಂತ ಕೆಲವರು ಹೇಳುತ್ತಾರೆ. ನಿಜವಾ?

ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ಆಗುವುದಿಲ್ಲ. ಎಲ್ಲಿ ಜಿಪುಣತನ ಮಾಡಬಹುದು, ಎಲ್ಲಿ ಮಾಡಿದರೆ ಕೆಲಸ ಕೆಡುತ್ತದೆ, ಅದನ್ನು ಹೇಳಿ. ಹತ್ತಿರ ಬಂದು ನೋಡಿದವರು "ಓ, ಇದು ಮ್ಯಾಟು" ಅನ್ನಬಾರದು, ಅಷ್ಟೇ ನನ್ನ ಆಸೆ.

ಫೋಮ್ ಪುಟ್ಟ:

ನಿಜ, ಮ್ಯಾಟ್ ಸಾಕು. ಥರ್ಮೋಪ್ಲಾಸ್ಟಿಕ್ ಹಾಳೆ ಒಳ್ಳೆಯದೇ, ಆದರೆ ನೀವು ಹೇಳುತ್ತಿರುವ ಹಳೇ ಕವಚಕ್ಕೆ ಅದರ ಅಗತ್ಯ ಇಲ್ಲ. ತ್ರೀಡಿ ಪ್ರಿಂಟ್ ಇಲ್ಲ ಅಂತಲೂ ಬೇಜಾರು ಬೇಡ. ಮೈಗೆ ತೊಡುವಷ್ಟು ದೊಡ್ಡ ಭಾಗಗಳನ್ನು ಪ್ರಿಂಟ್ ಮಾಡಲು ದಿನಗಟ್ಟಲೆ ಹಿಡಿಯುತ್ತದೆ, ಆಮೇಲೆ ಅದರ ಗೆರೆಗಳನ್ನೆಲ್ಲ ಉಜ್ಜಬೇಕು. ಮನೆಯ ಪ್ರಿಂಟರ್‌ಗಳಲ್ಲಿ ಜಾಸ್ತಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಟ್ಟು ಮರೆತರೆ ಸೊಟ್ಟಗಾಗಿರುತ್ತದೆ.

ಮ್ಯಾಟ್ ವಿಷಯಕ್ಕೆ ಬರೋಣ. ಅದು ಇವಿಎ ಫೋಮ್, ಎಥಿಲೀನ್ ವಿನೈಲ್ ಅಸಿಟೇಟ್. ಚಪ್ಪಲಿ, ಶೂಗಳ ಅಟ್ಟೆಯಲ್ಲೂ ಇದೇ ಇರುತ್ತದೆ. ಒಳಗೆಲ್ಲ ಬಾಯಿ ಮುಚ್ಚಿದ ಗಾಳಿಗುಳ್ಳೆಗಳು, ಅದಕ್ಕೇ ಹಗುರ, ನೀರು ಹೀರುವುದಿಲ್ಲ. ನೀರು ಕುದಿಯುವ ಬಿಸಿಗಿಂತ ಕಡಿಮೆಯಲ್ಲೇ ಮೆತ್ತಗಾಗುತ್ತದೆ. ಆಗ ಬಗ್ಗಿಸಿ, ತಣ್ಣಗಾಗುವ ತನಕ ಕೈಯಲ್ಲೇ ಹಿಡಿದುಕೊಂಡರೆ ಆ ಆಕಾರದಲ್ಲೇ ನಿಲ್ಲುತ್ತದೆ. ಕೊಳ್ಳುವಾಗ ಹೆಬ್ಬೆರಳಲ್ಲಿ ಒತ್ತಿ ನೋಡಿ. ಗುಳಿ ಕೂಡಲೇ ಮೇಲೆದ್ದರೆ ಗಟ್ಟಿ ಮಾಲು. ಒತ್ತಿದ ಗುರುತು ಹಾಗೇ ಉಳಿದರೆ ಗಾಳಿ ಜಾಸ್ತಿ, ಫೋಮ್ ಕಮ್ಮಿ. ಒಂದು ಬದಿಯಾದರೂ ನಯವಾಗಿರಬೇಕು, ಆ ಬದಿ ಹೊರಗೆ ಬರಲಿ. ಎದೆ, ಬೆನ್ನಿಗೆ 10 ಮಿ.ಮೀ. ದಪ್ಪ, ಮುಂಗೈ ಮತ್ತು ಹೆಲ್ಮೆಟ್‌ಗೆ 5 ಅಥವಾ 6, ಮೇಲಿನ ಚಿಕ್ಕಪುಟ್ಟ ವಿವರಗಳಿಗೆ ಮಕ್ಕಳ ಕರಕುಶಲದ 2 ಮಿ.ಮೀ. ಹಾಳೆ. ಇದಕ್ಕಿಂತ ಬೇರೆ ದಪ್ಪ ಬೇಡ.

ದುಡ್ಡು ಎಲ್ಲಿ ಹಾಕಬೇಕು ಅಂದಿರಲ್ಲ, ಮೊದಲು ಬ್ಲೇಡಿಗೆ. ಇದನ್ನು ಯಾರೂ ನಂಬುವುದಿಲ್ಲ. ಫೋಮ್ ನೋಡಲು ಮೆತ್ತಗಿದ್ದರೂ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ. ಮೊಂಡು ಬ್ಲೇಡ್ ಕೊಯ್ಯುವುದಿಲ್ಲ, ಹರಿಯುತ್ತದೆ. ಅಂಚು ಜಗಿದ ಹಾಗಾದರೆ ಮುಂದೆ ಎಷ್ಟು ಬಣ್ಣ ಬಳಿದರೂ ಅದು ಮ್ಯಾಟು ಅಂತ ಕೂಗಿ ಹೇಳುತ್ತದೆ. ತುದಿ ಮುರಿದು ಹೊಸದು ಮಾಡಿಕೊಳ್ಳುವ ಕಟರ್ ಸಾಕು. ಬ್ಲೇಡಿನ ಪ್ಯಾಕೆಟ್ ಮಾತ್ರ ಧಾರಾಳವಾಗಿ ಇಟ್ಟುಕೊಳ್ಳಿ, ತುದಿಯನ್ನು ಆಗಾಗ ಮುರಿಯುತ್ತಾ ಇರಿ. ಗರಗಸದ ಹಾಗೆ ಹಿಂದೆ ಮುಂದೆ ಆಡಿಸಬೇಡಿ. ಬ್ಲೇಡನ್ನು ಉದ್ದಕ್ಕೆ ಹೊರಗೆಳೆದು, ಓರೆಯಾಗಿ ಹಿಡಿದು, ಒಂದೇ ಎಳೆತಕ್ಕೆ ನಿಮ್ಮತ್ತ ಎಳೆಯಿರಿ. ಬೆರಳು ಆ ದಾರಿಯಲ್ಲಿ ಇರಬಾರದು ಅಷ್ಟೇ.

ಎರಡನೆಯದು ಅಂಟು. ರಬ್ಬರ್ ಆಧಾರದ ಕಾಂಟ್ಯಾಕ್ಟ್ ಅಂಟು ತಗೊಳ್ಳಿ, ಚಪ್ಪಲಿ ರಿಪೇರಿಗೆ ಬಳಸುತ್ತಾರಲ್ಲ, ಆ ಜಾತಿಯದು. ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ 10-15 ನಿಮಿಷ ಬಿಡಬೇಕು. ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕುವಾಗ ಸೊಲ್ಯೂಷನ್ ಒಣಗಲು ಬಿಡುತ್ತಾರಲ್ಲ, ಅದೇ ಲೆಕ್ಕ. ಬೆರಳಿಗೆ ಅಂಟೂ ಅಂಟದ ಹಾಗೆ ಅನ್ನಿಸಿದಾಗ ಎರಡನ್ನೂ ಒತ್ತಿ. ಒಮ್ಮೆ ತಾಗಿದರೆ ಕಥೆ ಮುಗಿಯಿತು, ಸರಿಸಲು ಆಗುವುದಿಲ್ಲ. ಅದಕ್ಕೇ ಕತ್ತರಿಸುವ ಮೊದಲೇ ಎರಡೂ ಬದಿಗೆ ಸಾಲಾಗಿ ಅಡ್ಡಗೆರೆ ಎಳೆದುಕೊಂಡು, ಗೆರೆಗೆ ಗೆರೆ ಕೂಡಿಸಿಕೊಂಡು ಬನ್ನಿ.

ಹಾಟ್ ಗ್ಲೂ ಗನ್ ಇದೆ ಅಂದಿರಿ. ಕವಚದ ಮುಖ್ಯ ಜೋಡಣೆಗೆ ಅದು ಬೇಡ. ಆ ಕಡ್ಡಿಯಲ್ಲಿ ಇರುವುದೂ ಹೆಚ್ಚಾಗಿ ಇವಿಎನೇ, ಬಿಸಿಗೆ ಕರಗುವುದೇ ಅದರ ಕೆಲಸ. ಜೋಡಣೆಯ ಉದ್ದಕ್ಕೂ ಉಬ್ಬು ಬೇರೆ ಉಳಿಯುತ್ತದೆ. ಒಳಗಡೆ ಪಟ್ಟಿ ತಾತ್ಕಾಲಿಕವಾಗಿ ನಿಲ್ಲಿಸಲು, ರಟ್ಟಿನ ಮಾದರಿ ಕೂಡಿಸಲು ಇಟ್ಟುಕೊಳ್ಳಿ.

ಮೂರನೆಯದು ಹೀಟ್ ಗನ್, ಜೋರು ಬಿಸಿ ಗಾಳಿ ಊದುವ ಯಂತ್ರ. ಇದನ್ನು ಕೊಳ್ಳಬೇಡಿ, ಯಾರ ಹತ್ತಿರವಾದರೂ ಕೇಳಿ ತನ್ನಿ. ಬಣ್ಣ ಕೆರೆಯುವವರು, ಎಲೆಕ್ಟ್ರಿಕ್ ಕೆಲಸದವರ ಬಳಿ ಇರುತ್ತದೆ. ಹೇರ್ ಡ್ರೈಯರ್ ತೆಳು ಹಾಳೆಯನ್ನು ಸ್ವಲ್ಪ ಬಗ್ಗಿಸಬಹುದು, 10 ಮಿ.ಮೀ.ಗೆ ಅದರಿಂದ ಏನೂ ಆಗುವುದಿಲ್ಲ. ಹೀಟ್ ಗನ್‌ನಿಂದ ಬಗ್ಗಿಸುವುದಷ್ಟೇ ಅಲ್ಲ, ಫೋಮಿನ ಮೇಲ್ಮೈ ಮುಚ್ಚುವ ಕೆಲಸವೂ ಆಗುತ್ತದೆ. ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಹೋದರೆ ಮಂಕಾಗಿದ್ದ ಫೋಮ್ ತುಸು ಮಿರುಗುತ್ತದೆ. ಮಿರುಗಿದ ಕೂಡಲೇ ಮುಂದೆ ಹೋಗಿ. ಹೀಗೆ ಮುಚ್ಚದಿದ್ದರೆ ಬಣ್ಣವೆಲ್ಲ ಒಳಗೇ ಇಳಿಯುತ್ತದೆ. ಜಾಸ್ತಿ ಕಾಯಿಸಿದರೆ ಫೋಮ್ ಸುರುಟಿಕೊಂಡು ಹೊಗೆ ಬಿಡುತ್ತದೆ, ಆ ಹೊಗೆ ಒಳ್ಳೆಯದಲ್ಲ. ಕಾಯಿಸುವುದು ಮೊದಲು, ಅಂಟಿಸುವುದು ಆಮೇಲೆ. ಅಂಟಿಸಿದ ಮೇಲೆ ಕಾಯಿಸಿದರೆ ಜೋಡಣೆ ಬಿಚ್ಚಿಕೊಳ್ಳಬಹುದು.

ಇನ್ನೊಂದು, ಇದು ನನಗೆ ಬಹಳ ಇಷ್ಟದ ಉಪಾಯ. ಫೋಮಿನ ಮೇಲೆ ಅರ್ಧ ಆಳಕ್ಕೆ ಬ್ಲೇಡಿನಿಂದ ಗೆರೆ ಎಳೆದು, ಆಮೇಲೆ ಬಿಸಿ ಗಾಳಿ ತೋರಿಸಿ. ಆ ಗೆರೆ ತಾನಾಗಿ ಬಾಯಿ ಬಿಡುತ್ತದೆ. ಲೋಹದ ಫಲಕಗಳನ್ನು ಕೂಡಿಸಿದ ಸಂದಿನ ಹಾಗೇ ಕಾಣುತ್ತದೆ. ಖರ್ಚು ಸೊನ್ನೆ.

ರಟ್ಟಿನ ರಾಣಿ:

ಪುಟ್ಟ ಹೇಳಿದ್ದೆಲ್ಲ ಸರಿ, ಆದರೆ ಇವರ ಮನೆಯಲ್ಲಿ ರಾಶಿ ರಟ್ಟು ಬಿದ್ದಿದೆ ಅಂತ ಮೊದಲ ಪೋಸ್ಟಲ್ಲೇ ಇದೆ. ಅದನ್ನು ಬಿಟ್ಟು ನೇರ ಫೋಮಿಗೆ ಹೋಗುವುದು ಯಾಕೆ? ಫೋಮ್ ಪ್ರೇಮಿಗಳಿಗೆ ರಟ್ಟು ಅಂದರೆ ಯಾಕೋ ತಾತ್ಸಾರ.

ಮೊದಲು ಇಡೀ ಕವಚವನ್ನು ರಟ್ಟಿನಲ್ಲೇ ಒಂದು ಸಲ ಮಾಡಿ. ಅಳತೆ ಹೇಗೆ ತೆಗೆಯುವುದು ಅಂದರೆ, ಹಳೆಯ ಟೀ ಶರ್ಟ್ ಹಾಕಿಕೊಂಡು ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿಸಿಕೊಳ್ಳಿ, ಮೇಲೆ ಅಗಲದ ಟೇಪ್ ಹಾಕಿಸಿ. ಬಿಗಿಯಾಗಿ ಬೇಡ, ಉಸಿರಾಡಬೇಕಲ್ಲ. ಇದಕ್ಕೆ ಇನ್ನೊಬ್ಬರು ಬೇಕೇ ಬೇಕು. ಕುತ್ತಿಗೆಯ ಹತ್ತಿರ ಸುತ್ತಬೇಡಿ. ಆ ಟೇಪಿನ ಮೇಲೆಯೇ ಮಾರ್ಕರ್‌ನಿಂದ ಎದೆಯ ಫಲಕ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ, ನಡುಗೆರೆ ಎಲ್ಲಿ, ಎಲ್ಲಾ ಬರೆದುಕೊಳ್ಳಿ. ಆಮೇಲೆ ಗೆರೆಯ ಮೇಲೆ ಕತ್ತರಿಸಿ ತೆಗೆದರೆ ನಿಮ್ಮ ಮೈಯ ಆಕಾರವೇ ಕೈಗೆ ಬಂತು. ಅದು ಚಪ್ಪಟೆಯಾಗಿ ಕೂರುವುದಿಲ್ಲ, ಎಲ್ಲಿ ಉಬ್ಬುತ್ತದೋ ಅಲ್ಲಿ ಸೀಳು ಕೊಡಿ. ಆ ಸೀಳುಗಳೇ ನಿಮ್ಮ ಜೋಡಣೆಯ ಗೆರೆಗಳು. ಅರ್ಧ ಮೈಗೆ ಮಾಡಿದರೆ ಸಾಕು, ಇನ್ನರ್ಧಕ್ಕೆ ಅದನ್ನೇ ಮಗುಚಿ ಹಾಕಿ. ಮಗುಚುವುದು ಮರೆತರೆ ಎರಡು ಎಡಗೈ ಆಗುತ್ತದೆ!

ರಟ್ಟಿನ ಮಾದರಿ ಹಾಕಿಕೊಂಡು ಕೂತು ನೋಡಿ, ಕೈ ಮೇಲೆತ್ತಿ ನೋಡಿ, ಬಗ್ಗಿ ನೋಡಿ. ಎಲ್ಲಿ ಚುಚ್ಚುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ರಟ್ಟು ಹಾಳಾದರೆ ಏನಂತೆ, ಇನ್ನೊಂದು ಡಬ್ಬ ಇದೆ.

ಮಾದರಿಗೆ ಅಷ್ಟೇ ಅಲ್ಲ, ಕೊನೆಯ ಕವಚದಲ್ಲೂ ರಟ್ಟು ಉಳಿಯಬಹುದು. ಬೆನ್ನ ಮೇಲಿನ ಪೆಟ್ಟಿಗೆ, ಸೊಂಟದ ಡಬ್ಬಿ, ಭುಜದ ಚಪ್ಪಟೆ ಫಲಕ ಇವೆಲ್ಲ ಬಾಗುವುದಿಲ್ಲ, ಅಲ್ಲಿ ಫೋಮ್ ಸುಮ್ನೆ ದಂಡ. ಬಾಗಿಸಬೇಕಾದರೆ ರಟ್ಟಿನೊಳಗಿನ ಅಲೆಗಳು ಯಾವ ದಿಕ್ಕಿಗೆ ಓಡುತ್ತವೆ ನೋಡಿ. ಅಲೆಯ ಗುಂಟ ಸ್ಕೇಲಿನ ಅಂಚಿನಿಂದ ಒಂದೊಂದೇ ಸಾಲು ಒತ್ತುತ್ತಾ ಹೋದರೆ ಮುರಿಯದೆ ಚೆನ್ನಾಗಿ ಸುತ್ತುತ್ತದೆ. ಅಡ್ಡಕ್ಕೆ ಬಗ್ಗಿಸಲು ಹೋದರೆ ಮಡಚಿಕೊಳ್ಳುತ್ತದೆ. ಅಂಚುಗಳಲ್ಲಿ ಅಲೆ ಕಾಣಬಾರದು, ಕಾಗದದ ಪಟ್ಟಿ ಅಂಟಿಸಿ ಮುಚ್ಚಿ. ಇಲ್ಲದಿದ್ದರೆ ಪುಟ್ಟನ ಮ್ಯಾಟಿನ ಹಾಗೆ ಇದೂ ಕೂಗುತ್ತದೆ. ಬೆವರಿಗೆ ರಟ್ಟು ಮೆತ್ತಗಾಗುತ್ತದೆ, ಅದನ್ನು ಒಪ್ಪುತ್ತೇನೆ. ಒಳಬದಿಗೂ ಪಿವಿಎ ಅಂಟು (ಕಾಗದ, ಮರಕ್ಕೆ ಹಚ್ಚುವ ಬಿಳಿ ಅಂಟು) ಬಳಿದು ಒಣಗಿಸಿ.

ಇನ್ನು ವಿವರಗಳು. ಕೆಟ್ಟ ಕೀಬೋರ್ಡಿನ ಕೀಲಿಗಳು, ಬಾಟಲಿ ಮುಚ್ಚಳ, ಹಾಳಾದ ಪ್ರಿಂಟರಿನ ಗಾಲಿಗಳು, ಪೆನ್ನಿನ ಕ್ಯಾಪು, ಔಷಧಿ ಡಬ್ಬಿ. ಸಿನಿಮಾಗಳ ಬಾಹ್ಯಾಕಾಶ ನೌಕೆಗಳ ಮಾದರಿ ಮಾಡುವವರೂ ಮೇಲ್ಮೈ ತುಂಬಿಸಲು ಆಟಿಕೆ ಕಿಟ್‌ಗಳ ಚೂರುಗಳನ್ನೇ ಅಂಟಿಸುತ್ತಿದ್ದರು. ಗ್ರೀಬಲ್ ಅಂತಾರೆ ಅದಕ್ಕೆ. ಆದರೆ ಎಲ್ಲಾ ಕಡೆ ಮೆತ್ತಬೇಡಿ. ಒಂದು ಮೂಲೆಯಲ್ಲಿ ಒತ್ತೊತ್ತಾಗಿ ಇರಲಿ, ಪಕ್ಕದಲ್ಲಿ ಖಾಲಿ ಬಿಡಿ. ಇಡೀ ಎದೆಯ ಮೇಲೆ ಮುಚ್ಚಳ ಹಂಚಿದರೆ ಅದು ಮುಚ್ಚಳವಾಗಿಯೇ ಕಾಣುತ್ತದೆ.

ಒಂಟಿ ಉಪಗ್ರಹ:

ಇಬ್ಬರಿಗೂ ಥ್ಯಾಂಕ್ಸ್. ರಟ್ಟಿನ ಮಾದರಿ ಶುರು ಮಾಡಿದ್ದೇನೆ, ಎದೆ ಭಾಗ ಪರವಾಗಿಲ್ಲ.

ಎರಡು ಪ್ರಶ್ನೆ. ಮುಂಗೈ ಕೊಳವೆ ರಟ್ಟಿನಲ್ಲಿ ಸರಿಯಾಗಿ ಕೂರುತ್ತದೆ. ಅದೇ ಅಳತೆಯಲ್ಲಿ 10 ಮಿ.ಮೀ. ಮ್ಯಾಟ್ ಚೂರು ಕತ್ತರಿಸಿ ಸುತ್ತಿದರೆ ಕೈಯೇ ಒಳಗೆ ಹೋಗುತ್ತಿಲ್ಲ. ಯಾಕೆ? ಇನ್ನೊಂದು, ಟಿವಿ ಡಬ್ಬದಲ್ಲಿ ಬಂದ ದೊಡ್ಡ ಥರ್ಮಾಕೋಲ್ ತುಂಡುಗಳಿವೆ. ಅದನ್ನು ಕೆತ್ತಿ ಹೆಲ್ಮೆಟ್ ಮಾಡಿ ಮೇಲೆ ಸ್ಪ್ರೇ ಪೇಂಟ್ ಹೊಡೆದರೆ ನಡೆಯುತ್ತಾ?

ನಟ್ಟು ಬೋಲ್ಟು:

ಮೊದಲನೆಯದು ಬರೀ ಲೆಕ್ಕ. ಫೋಮನ್ನು ಸುತ್ತಿದಾಗ ಹೊರಬದಿ ಹಿಗ್ಗುತ್ತದೆ, ಒಳಬದಿ ಕುಗ್ಗುತ್ತದೆ, ದಪ್ಪದ ನಡುವಿನ ಪದರ ಮಾತ್ರ ಇದ್ದಷ್ಟೇ ಇರುತ್ತದೆ. ನೀವು ಕತ್ತರಿಸಿದ ಉದ್ದ ಆ ನಡು ಪದರದ್ದು. ಒಳಗಿನ ಸುತ್ತಳತೆ ಅದಕ್ಕಿಂತ ಕಮ್ಮಿ ಆಗಿಹೋಯಿತು. ಎಷ್ಟು ಕಮ್ಮಿ ಅಂದರೆ ದಪ್ಪವನ್ನು 3.14ರಿಂದ ಗುಣಿಸಿದಷ್ಟು. 10 ಮಿ.ಮೀ. ಫೋಮಿಗೆ ಹೆಚ್ಚು ಕಡಿಮೆ 3 ಸೆಂ.ಮೀ., 5 ಮಿ.ಮೀ.ಗೆ ಒಂದೂವರೆ. ತೆಳು ರಟ್ಟಿನಲ್ಲಿ ಈ ವ್ಯತ್ಯಾಸ ಕಮ್ಮಿ, ಹಾಗಾಗಿ ಗೊತ್ತಾಗಲಿಲ್ಲ. ಕೊಳವೆ ಆಕಾರದ ಯಾವ ಭಾಗಕ್ಕೂ ದಪ್ಪದ ಮೂರು ಪಟ್ಟು ಸೇರಿಸಿಯೇ ಕತ್ತರಿಸಿ. ಆಮೇಲೆ ಒಳಗೆ ಹಾಕುವ ಬಟ್ಟೆಗೆ ಇನ್ನಷ್ಟು ಸಡಿಲ ಬಿಡಿ. ಅಂದಹಾಗೆ ಮುಂಗೈಗೆ 10 ಮಿ.ಮೀ. ಜಾಸ್ತಿ ಆಯಿತು, ಪುಟ್ಟ 5 ಅಂತ ಹೇಳಿದ್ದು ಸರಿಯಾಗಿಯೇ ಇದೆ.

ಎರಡನೆಯದಕ್ಕೆ ಉತ್ತರ, ಬೇಡ. ಸ್ಪ್ರೇ ಪೇಂಟಿನಲ್ಲಿರುವ ದ್ರಾವಕ ಥರ್ಮಾಕೋಲನ್ನು ತಿಂದು ಹಾಕುತ್ತದೆ. ಕಣ್ಣೆದುರೇ ಕರಗಿ ಗುಂಡಿ ಬೀಳುತ್ತದೆ. ಕಾಂಟ್ಯಾಕ್ಟ್ ಅಂಟೂ ಹಾಗೇ ಮಾಡುತ್ತದೆ. ಹೀಟ್ ಗನ್ ತೋರಿಸಿದರೆ ಕುಗ್ಗಿಹೋಗುತ್ತದೆ. ಬಳಸಲೇಬೇಕು ಅಂದರೆ ಪಿವಿಎ ಅಂಟಿನಲ್ಲಿ ಅದ್ದಿದ ಕಾಗದದ ಚೂರುಗಳನ್ನು ಪದರ ಪದರವಾಗಿ ಹಾಕಿ, ಪೂರ್ತಿ ಮುಚ್ಚಿ, ನೀರಿನ ಆಧಾರದ ಬಣ್ಣ ಬಳಿಯಿರಿ. ಕೆತ್ತುವಾಗ ಉದುರುವ ಕಾಳುಗಳು ಮನೆಯಲ್ಲೆಲ್ಲ ಹರಡಿ ಯಾವಾಗಲೂ ಸಿಗುತ್ತಿರುತ್ತವೆ, ಅದು ಬೇರೆ ಮಾತು. ಆ ತುಂಡನ್ನು ಹೆಲ್ಮೆಟ್ ನಿಲ್ಲಿಸುವ ತಲೆ ಮಾದರಿಯಾಗಿ ಬಳಸಿ, ಅದಕ್ಕೆ ಚೆನ್ನ.

ಹೆಲ್ಮೆಟ್ ಫೋಮಿನಲ್ಲೇ ಮಾಡಿ. ತ್ರೀಡಿ ಆಕಾರವನ್ನು ಬಿಡಿಸಿ, ಮುದ್ರಿಸಿ ಕತ್ತರಿಸುವಂಥ ಚಪ್ಪಟೆ ನಕ್ಷೆ ಮಾಡಿಕೊಡುವ ಪೆಪಕುರ ಅನ್ನುವ ಜಪಾನಿನ ಸಾಫ್ಟ್‌ವೇರ್ ಇದೆ. ಅದಕ್ಕಾಗಿ ಜನ ಮಾಡಿಟ್ಟ ಹೆಲ್ಮೆಟ್ ನಕ್ಷೆಗಳು ಬೇಕಾದಷ್ಟಿವೆ. ಮುದ್ರಿಸುವ ಮೊದಲು ನಿಮ್ಮ ತಲೆಯ ಅಳತೆಗೆ ಹಿಗ್ಗಿಸಿಕೊಳ್ಳಿ. ಹಣೆಯ ಸುತ್ತಳತೆ ಮಾತ್ರ ನೋಡಿದರೆ ಸಾಲದು. ಮೂಗಿನ ತುದಿಯಿಂದ ತಲೆಯ ಹಿಂಭಾಗದವರೆಗೆ ಎಷ್ಟಿದೆ ಅಂತ ನೋಡಿ, ಕತ್ತಿನ ಬಳಿಯ ಬಾಯಿ ಅದಕ್ಕಿಂತ ದೊಡ್ಡದಿರಬೇಕು. ಇಲ್ಲದಿದ್ದರೆ ತಲೆ ಒಳಗೆ ಹೋಗುವುದೇ ಇಲ್ಲ. ವಿನ್ಯಾಸ ಚಿಕ್ಕ ಬಾಯಿಯದ್ದೇ ಆಗಿದ್ದರೆ ಹಿಂಭಾಗವನ್ನು ಬೇರೆ ತುಂಡು ಮಾಡಿ ವೆಲ್ಕ್ರೋ ಅಥವಾ ಆಯಸ್ಕಾಂತದಿಂದ ಮುಚ್ಚಿ.

ಈಗ ಯಾರೂ ಹೇಳದ ಒಂದು ವಿಷಯ. ಕಾಂಟ್ಯಾಕ್ಟ್ ಅಂಟಿನಲ್ಲಿ ಬಹಳ ಸಲ ಟೊಲುಯೀನ್, ಹೆಕ್ಸೇನ್ ಥರದ ದ್ರಾವಕ ಇರುತ್ತದೆ. ಇವುಗಳ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಳ್ಳುತ್ತದೆ, ಕಿಡಿಗೆ ಹೊತ್ತಿಕೊಳ್ಳುತ್ತದೆ. ಒಂದು ಕೋಣೆಯಲ್ಲಿ ಅಂಟು ಹಚ್ಚುತ್ತಾ ಪಕ್ಕದಲ್ಲೇ ಹೀಟ್ ಗನ್ ಹಚ್ಚುವುದು ಅಂದರೆ ಅಪಾಯವನ್ನು ಕರೆದು ಕೂರಿಸಿಕೊಂಡ ಹಾಗೆ. ಬಾಗಿಲು ಕಿಟಕಿ ತೆಗೆದರೆ ಸಾಲದು, ಹೊರಗೇ ಮಾಡಿ. ಬಟ್ಟೆಯ ಮಾಸ್ಕು, ಎನ್95 ಮಾಸ್ಕು ಯಾವುದೂ ಆವಿಯನ್ನು ತಡೆಯುವುದಿಲ್ಲ. ಅದು ಧೂಳಿಗೆ ಮಾತ್ರ. ಫೋಮನ್ನು ಉಜ್ಜುವಾಗ ಎನ್95 ಹಾಕಿ. ಆವಿಗೆ ಬೇಕಾದ್ದು ಇದ್ದಿಲಿನ ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್. ಬಜೆಟ್ ಎಷ್ಟೇ ಬಿಗಿ ಇದ್ದರೂ ಇದನ್ನು ಪಟ್ಟಿಯಿಂದ ತೆಗೆಯಬೇಡಿ, ಸ್ಪ್ರೇ ಪೇಂಟಿಗೂ ಇದೇ ಬೇಕಾಗುತ್ತದೆ.

ಬಣ್ಣದ ಡಬ್ಬಿ:

ಎಲ್ಲರೂ ಫೋಮು ರಟ್ಟು ಅಂತ ಜಗಳ ಆಡುತ್ತಿದ್ದೀರಿ. ನೋಡುವವರಿಗೆ ಕಾಣುವುದು ಬಣ್ಣ ಮತ್ತು ಅಂಚು, ಒಳಗೆ ಏನಿದೆ ಅಂತ ಯಾರು ಕೇಳುತ್ತಾರೆ?

ಕ್ರಮ ಹೀಗಿರಲಿ. ಜೋಡಣೆಯ ಸಂದಿಗೆ ಮೊದಲು ಅಕ್ರಿಲಿಕ್ ಸೀಲೆಂಟ್ ತುಂಬಿ, ಒದ್ದೆ ಬೆರಳಿನಿಂದ ಒರೆಸಿ ನಯ ಮಾಡಿ. ಕೊಳ್ಳುವಾಗ ಡಬ್ಬಿಯ ಮೇಲೆ ಓದಿ, ಸಿಲಿಕೋನ್ ತಂದರೆ ಅದರ ಮೇಲೆ ಬಣ್ಣ ಹಿಡಿಯುವುದೇ ಇಲ್ಲ. ಆಮೇಲೆ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚಿನ ತಳಕೋಟು. ಪಿವಿಎ ಅಂಟಿಗೆ ನೀರು ಬೆರೆಸಿ ಮೂರು ನಾಲ್ಕು ತೆಳು ಕೋಟು ಕೊಡುವುದು ಹಳೆಯ ಪದ್ಧತಿ, ಅಗ್ಗ. ಆದರೆ ಬಾಗುವ ಜಾಗದಲ್ಲಿ ಅದು ಬಿರುಕು ಬಿಡುತ್ತದೆ. ಎದೆಗೆ ನಡೆಯುತ್ತದೆ, ಮೊಣಕೈ ಹತ್ತಿರ ನಡೆಯುವುದಿಲ್ಲ. ರಬ್ಬರಿನಂತೆ ಹಿಗ್ಗುವ ಸ್ಪ್ರೇ ಸಿಗುತ್ತದೆ, ಚೆನ್ನಾಗಿದೆ, ದುಬಾರಿ. ನಾನು ಹೇಳುವುದು ಮನೆಯ ಹೊರಗೋಡೆಗೆ ಹಚ್ಚುವ ಅಕ್ರಿಲಿಕ್ ಎಮಲ್ಷನ್. ಬಿಸಿಲಿಗೆ ಗೋಡೆ ಹಿಗ್ಗಿ ಕುಗ್ಗಿದರೂ ಬಿರುಕು ಬಿಡಬಾರದು ಅಂತಲೇ ಮಾಡಿದ ಬಣ್ಣ ಅದು, ಫೋಮಿನ ಜೊತೆಗೂ ಬಾಗುತ್ತದೆ. ಯಾರದ್ದಾದರೂ ಮನೆಗೆ ಬಣ್ಣ ಹೊಡೆಸಿ ಉಳಿದ ಡಬ್ಬಿಯ ತಳ ಸಿಕ್ಕರೆ ನಿಮ್ಮ ಇಡೀ ಕವಚಕ್ಕೆ ಸಾಕು. ತೆಳ್ಳಗೆ ಹಚ್ಚಿ, ಒಂದು ಕೋಟು ಪೂರ್ತಿ ಒಣಗಿದ ಮೇಲೆ ಇನ್ನೊಂದು.

ಬೆಳ್ಳಿ ಬಣ್ಣ ನೇರವಾಗಿ ಹೊಡೆಯಬೇಡಿ, ದಯವಿಟ್ಟು. ಇಡೀ ಮೈಗೆ ಒಂದೇ ಸಮನೆ ಬೆಳ್ಳಿ ಬಳಿದರೆ ಅಡುಗೆಮನೆಯ ಫಾಯಿಲ್ ಸುತ್ತಿಕೊಂಡಂತೆ ಕಾಣುತ್ತದೆ. ಮೊದಲು ಮಂಕು ಕಪ್ಪು. ಅದರ ಮೇಲೆ ನಿಮ್ಮ ಮುಖ್ಯ ಬಣ್ಣ, ಬೂದಿಯೋ ಹಸಿರೋ ಏನಾದರೂ. ಮೂಲೆ ಸಂದಿಗಳಲ್ಲಿ ಕಪ್ಪು ಹಾಗೇ ಇಣುಕಲಿ. ಬೆಳ್ಳಿ ಬರಬೇಕಾದ್ದು ಬರೀ ಅಂಚುಗಳಿಗೆ, ಬಣ್ಣ ಸವೆದು ಲೋಹ ಕಾಣುವ ಜಾಗಕ್ಕೆ. ಬ್ರಷ್ಷಿಗೆ ಸ್ವಲ್ಪವೇ ಬೆಳ್ಳಿ ತಗೊಂಡು, ಹಳೆ ಕಾಗದದ ಮೇಲೆ ಬಹುಪಾಲು ಒರೆಸಿ, ಬ್ರಷ್ ಒಣಗಿದಂತೆ ಅನ್ನಿಸಿದಾಗ ಅಂಚಿಗೆ ಸವರಿ. ಪಾತ್ರೆ ತೊಳೆಯುವ ಸ್ಪಂಜಿನ ಚೂರನ್ನು ಗಾಢ ಕಂದಿನಲ್ಲಿ ಅದ್ದಿ ಅಲ್ಲಲ್ಲಿ ತಟ್ಟಿದರೆ ಬಣ್ಣ ಕಿತ್ತುಹೋದ ಚುಕ್ಕೆಗಳು ಬರುತ್ತವೆ. ಪೆನ್ಸಿಲಿನ ಸೀಸವನ್ನು ಮರಳು ಕಾಗದದ ಮೇಲೆ ಉಜ್ಜಿದರೆ ಸಿಗುವ ಪುಡಿ ಇದೆಯಲ್ಲ, ಅದು ಗ್ರಾಫೈಟ್. ಅದನ್ನು ಬೆರಳಿನಿಂದ ಕಪ್ಪು ಬಣ್ಣದ ಮೇಲೆ ತಿಕ್ಕಿ ನೋಡಿ, ನಿಜವಾದ ಕಬ್ಬಿಣದ ಮಿರುಗು ಬರುತ್ತದೆ. ಯಾವ ಮೆಟಾಲಿಕ್ ಸ್ಪ್ರೇಯೂ ಅದಕ್ಕೆ ಸಾಟಿ ಇಲ್ಲ ಅಂತ ನನ್ನ ಅಭಿಪ್ರಾಯ.

ಕೊನೆಗೆ ಕಪ್ಪು, ಕಂದು ಅಕ್ರಿಲಿಕ್ ಬಣ್ಣವನ್ನು ನೀರು ನೀರಾಗಿ ಮಾಡಿ ಇಡೀ ಭಾಗಕ್ಕೆ ಹಚ್ಚಿ, ಒಣಗುವ ಮೊದಲೇ ಬಟ್ಟೆಯಿಂದ ಒರೆಸಿ. ಸಂದಿಯಲ್ಲಿ ಉಳಿದದ್ದೇ ಕೊಳೆ. ಒರೆಸುವಾಗ ಮೇಲಿನಿಂದ ಕೆಳಕ್ಕೆ ಒರೆಸಿ, ಕೊಳೆ ಇಳಿದು ಬಂದ ದಾರಿ ಕಾಣಬೇಕು. ಗೀರು ಎಲ್ಲಿ ಬೀಳುತ್ತದೆ ಅಂತ ಯೋಚಿಸಿ ಹಾಕಿ. ನಿಮ್ಮ ಕಾವಲುಗಾರ ಇಕ್ಕಟ್ಟಾದ ಬಾಗಿಲುಗಳಲ್ಲಿ ನುಸುಳುತ್ತಾನೆ ಅಂದರೆ ಭುಜದ ಹೊರ ಅಂಚು, ಮೊಣಕೈ, ಮಂಡಿ ಸವೆದಿರುತ್ತದೆ. ಎದೆಯ ನಡುವೆ ಯಾಕೆ ಸವೆಯುತ್ತದೆ? ಹಳೇ ಕವಚ ಅಂದಿದ್ದು ನಿಮಗೆ ಅದೃಷ್ಟ. ಹೊಸ ಹೊಳಪಿನ ಕವಚವಾಗಿದ್ದರೆ ಒಂದೊಂದು ಗೀರೂ ತಪ್ಪಾಗಿ ಕಾಣುತ್ತಿತ್ತು. ಇಲ್ಲಿ ಕೈ ಜಾರಿದರೂ ಅದು ಯುದ್ಧದ ಗುರುತು.

ವೇಷ ಹಳಬ:

ನನ್ನದು ಸ್ವಲ್ಪ ಬೇರೆ ಸಲಹೆ. ಮಾಡಬೇಕಾದ ಭಾಗಗಳ ಪಟ್ಟಿಯನ್ನೇ ಚಿಕ್ಕದು ಮಾಡಿ.

1939ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನ ನಡೆಯಿತು. ಅಲ್ಲಿಗೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಭವಿಷ್ಯದ ಜನರ ಉಡುಪು ತೊಟ್ಟು ಹೋಗಿದ್ದರು. ಎರಡನ್ನೂ ಹೊಲಿದದ್ದು ಡಗ್ಲಸ್. ಎಲ್ಲಾ ಬಟ್ಟೆ, ಮೇಲೊಂದು ಕೇಪು, ಅಷ್ಟೇ. ವೇಷ ಕಟ್ಟುವ ಈ ಹವ್ಯಾಸದ ಕಥೆ ಹೇಳುವವರು ಇವತ್ತಿಗೂ ಅಲ್ಲಿಂದಲೇ ಶುರು ಮಾಡುತ್ತಾರೆ. ಹಾಗಾಗಿ ಮೈಯೆಲ್ಲ ಗಟ್ಟಿ ಕವಚ ಇರಲೇಬೇಕು ಅಂತ ಇಲ್ಲ. ಒಳಗೆ ಒಂದೇ ಬಣ್ಣದ ದಪ್ಪ ಬಟ್ಟೆಯ ಉಡುಪು, ಕೈಗವಸು, ಬೂಟು. ಇವು ಚೆನ್ನಾಗಿದ್ದರೆ ಅರ್ಧ ಕೆಲಸ ಆದಂತೆ. ತೊಡೆಯ ಕವಚ ಬಿಟ್ಟೇಬಿಡಿ. ನಡೆಯುವಾಗ ಒಂದಕ್ಕೊಂದು ಉಜ್ಜುವುದು, ಕೆಳಗೆ ಜಾರುವುದು ಅದೇ. ಅಲ್ಲಿ ದೊಡ್ಡ ಜೇಬಿನ ಪ್ಯಾಂಟು ಸಾಕು. ಒಂದೇ ಭುಜಕ್ಕೆ ಫಲಕ ಇದ್ದರೂ ನಿಮ್ಮ ಕಥೆಗೆ ಹೊಂದುತ್ತದೆ, ಇನ್ನೊಂದು ಕಳೆದುಹೋಗಿದೆ ಅಂದುಕೊಂಡರಾಯಿತು.

ತೂಕವೆಲ್ಲ ಹೆಗಲಿನಿಂದ ಇಳಿಯಬೇಕು. ಎದೆ ಮತ್ತು ಬೆನ್ನಿನ ಭಾಗವನ್ನು ಹೆಗಲ ಮೇಲೆ ಅಗಲ ಪಟ್ಟಿಯಿಂದ ಕೂಡಿಸಿ, ಪಕ್ಕದಲ್ಲಿ ಎಲಾಸ್ಟಿಕ್ ಹಾಕಿ. ಉಸಿರಾಡುವಾಗ ಎದೆ ಹಿಗ್ಗುತ್ತದಲ್ಲ. ಭುಜದ ಫಲಕ ತೋಳಿಗೆ ಕಟ್ಟಿದರೆ ಸಾಲದು, ಹೆಗಲ ಪಟ್ಟಿಯಿಂದ ತೂಗಲಿ. ಹಿಂಬದಿಯಲ್ಲಿ ಅಂಟು ಹಚ್ಚಿಯೇ ಬರುವ ವೆಲ್ಕ್ರೋ ಫೋಮಿನ ಮೇಲೆ ನಿಲ್ಲುವುದಿಲ್ಲ, ಬೆವರು ತಾಗಿದರೆ ಎದ್ದು ಬರುತ್ತದೆ. ಸಾದಾ ವೆಲ್ಕ್ರೋ ತಂದು ಕಾಂಟ್ಯಾಕ್ಟ್ ಅಂಟಿನಿಂದ ಕೂಡಿಸಿ, ಬಟ್ಟೆಯ ಕಡೆ ಹೊಲಿಯಿರಿ. ಹಳೆಯ ಶಾಲಾ ಚೀಲಗಳ ಬಕಲ್ಲು, ಪಟ್ಟಿ ಬಿಚ್ಚಿ ಇಟ್ಟುಕೊಳ್ಳಿ. ಬಕಲ್ಲೆಲ್ಲ ನಿಮ್ಮ ಕೈಗೇ ಎಟುಕಬೇಕು. ಶೌಚಾಲಯಕ್ಕೆ ಹೋಗಲು ಇಬ್ಬರ ಸಹಾಯ ಬೇಕಾದ ಕವಚ ತೊಟ್ಟವರನ್ನು ನೋಡಿದ್ದೇನೆ, ಪಾಪ.

ಕವಚ ತೊಟ್ಟಾಗಿನ ಸೆಕೆ ಬಗ್ಗೆ ಯಾರೂ ಮಾತಾಡಿಲ್ಲ. ಮುಚ್ಚಿದ ಗಾಳಿಗುಳ್ಳೆ ಅಂದರೆ ಶಾಖ ಹೊರಗೆ ಹೋಗುವುದಿಲ್ಲ, ಬೆವರು ಆರುವುದಿಲ್ಲ. ಬೆನ್ನ ಫಲಕದಲ್ಲಿ ಪೆಟ್ಟಿಗೆಯ ಕೆಳಗೆ ಮರೆಯಾಗಿ ತೂತು ಬಿಡಿ. ಹೆಲ್ಮೆಟ್ ಒಳಗೆ 40 ಮಿ.ಮೀ. ಅಳತೆಯ 5 ವೋಲ್ಟಿನ ಫ್ಯಾನ್ ಇಟ್ಟು ಪವರ್ ಬ್ಯಾಂಕಿಗೆ ಜೋಡಿಸಿ. ಕೆಲವು ಪವರ್ ಬ್ಯಾಂಕುಗಳು ಕರೆಂಟು ತೀರಾ ಕಮ್ಮಿ ಎಳೆದರೆ ಏನೂ ಜೋಡಿಸಿಲ್ಲ ಅಂದುಕೊಂಡು ತಾವೇ ಆಫ್ ಆಗುತ್ತವೆ. ಅದೇ ತಂತಿಗೆ ಎಲ್‌ಇಡಿ ದೀಪಗಳನ್ನೂ ಸೇರಿಸಿದರೆ ಆ ತೊಂದರೆ ತಪ್ಪಬಹುದು. 5 ವೋಲ್ಟಿಗೆ ಎಲ್‌ಇಡಿ ನೇರ ಕೊಡಬೇಡಿ. ಕೆಂಪಿಗೆ 150 ಓಮ್, ಬಿಳಿ ಅಥವಾ ನೀಲಿಗೆ 100 ಓಮ್ ರೆಸಿಸ್ಟರ್ (ಕರೆಂಟು ಮಿತಿಯಲ್ಲಿಡುವ ಪುಟ್ಟ ಬಿಡಿಭಾಗ), ಒಂದೊಂದು ದೀಪಕ್ಕೆ ಒಂದೊಂದು. ಹೊಳೆಯುವ ಚುಕ್ಕೆ ಕಾಣಬಾರದು ಅಂದರೆ ಮುಂದೆ ಬಿಳಿ ಪ್ಲಾಸ್ಟಿಕ್ ಚೂರು ಇಟ್ಟು ಬೆಳಕು ಹರಡುವಂತೆ ಮಾಡಿ.

ಫೋಮ್ ಪುಟ್ಟ:

ತೊಡೆ ಬಿಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬೆಲ್ಟಿನಿಂದ ಎರಡು ಎಲಾಸ್ಟಿಕ್ ಪಟ್ಟಿ ಇಳಿಸಿ, ತೊಡೆಯ ಹೊರಬದಿಗೆ ಮಾತ್ರ ಒಂದು ಫಲಕ ಹಾಕಿದರೆ ಉಜ್ಜುವುದಿಲ್ಲ, ಜಾರುವುದೂ ಇಲ್ಲ. ಒಳಬದಿ ಖಾಲಿ ಇರಲಿ. ಆದರೆ ಅದು ಕೊನೆಗೆ, ಫೋಮ್ ಉಳಿದರೆ. ರಟ್ಟಿನ ರಾಣಿ, ನಿಮ್ಮ ಅಲೆ ಒತ್ತುವ ಉಪಾಯ ಚೆನ್ನಾಗಿದೆ, ತಾತ್ಸಾರ ಏನಿಲ್ಲ :)

ಒಂಟಿ ಉಪಗ್ರಹ:

ಸರಿ, ತೀರ್ಮಾನ ಮಾಡಿದ್ದೇನೆ. ಎದೆ, ಬೆನ್ನು, ಎಡ ಭುಜ, ಮುಂಗೈಗಳು, ಹೆಲ್ಮೆಟ್ ಇಷ್ಟು ಫೋಮಿನಲ್ಲಿ. ಬೆನ್ನ ಪೆಟ್ಟಿಗೆ ರಟ್ಟಿನಲ್ಲಿ. ದುಡ್ಡು ಬ್ಲೇಡು, ಅಂಟು, ರೆಸ್ಪಿರೇಟರಿಗೆ. ಹೀಟ್ ಗನ್ ಕೊಡುವವರು ಸಿಕ್ಕಿದ್ದಾರೆ. ಹೊರಗೋಡೆಯ ಬಣ್ಣ ಅರ್ಧ ಡಬ್ಬಿ ಇದೆ, ಬಣ್ಣ ಮಾತ್ರ ತಿಳಿ ಗುಲಾಬಿ. ಮೇಲೆ ಕಪ್ಪು ಬಳಿಯುವುದರಿಂದ ಪರವಾಗಿಲ್ಲ ಅಲ್ವಾ?

ಕೊನೆಯ ಪ್ರಶ್ನೆ, ಹೆಲ್ಮೆಟ್ಟಿನ ಕಣ್ಣಿನ ಭಾಗಕ್ಕೆ ಏನು ಹಾಕಲಿ? ಮುಖ ಕಾಣಬಾರದು, ನನಗೆ ಮಾತ್ರ ಹೊರಗೆ ಕಾಣಬೇಕು.

ಬಣ್ಣದ ಡಬ್ಬಿ:

ಗುಲಾಬಿ ಏನೂ ತೊಂದರೆ ಇಲ್ಲ. ಕಪ್ಪು ಎರಡು ಕೋಟು ಕೊಡಿ. ಗೀರು ಹಾಕುವಾಗ ಮಾತ್ರ ಬ್ಲೇಡಿನಿಂದ ಕೆರೆಯಬೇಡಿ, ಒಳಗಿನ ಗುಲಾಬಿ ಇಣುಕುತ್ತದೆ. ಗೀರನ್ನೂ ಬಣ್ಣದಿಂದಲೇ ಬರೆಯಿರಿ.

ನಟ್ಟು ಬೋಲ್ಟು:

ಕಣ್ಣಿಗೆ ದೊಡ್ಡ ತಂಪು ಪಾನೀಯದ ಬಾಟಲಿ ಕತ್ತರಿಸಿ. ಅದು ಪಿಇಟಿ ಅನ್ನುವ ಪ್ಲಾಸ್ಟಿಕ್, ಪಾರದರ್ಶಕ, ಆಗಲೇ ಬಾಗಿರುತ್ತದೆ. ಅದಕ್ಕೆ ಕಿಟಕಿ ಗಾಜಿಗೆ ಅಂಟಿಸುವ ಕಪ್ಪು ಫಿಲ್ಮಿನ ಚೂರು ಹಚ್ಚಿ. ಒಳಗೆ ಕತ್ತಲು, ಹೊರಗೆ ಬೆಳಕು ಇರುವಷ್ಟು ಹೊತ್ತು ಮುಖ ಕಾಣುವುದಿಲ್ಲ. ಹಾಗಾಗಿ ಹೆಲ್ಮೆಟ್ಟಿನ ಒಳಗೋಡೆಗೆಲ್ಲ ಮಂಕು ಕಪ್ಪು ಬಳಿಯಿರಿ, ಎಲ್‌ಇಡಿ ಬೆಳಕು ಒಳಗೆ ಸೋರದಂತೆ ಟೇಪು ಹಾಕಿ. ಫಿಲ್ಮು ಸಿಗದಿದ್ದರೆ ಕಪ್ಪು ಸೊಳ್ಳೆಪರದೆಯ ಬಟ್ಟೆ ಒಂದು ಪದರ ಸಾಕು. ಹೊರಗಿನವರಿಗೆ ಅದು ಕಪ್ಪಾಗಿ ಕಾಣುತ್ತದೆ, ಗಾಳಿಯೂ ಆಡುತ್ತದೆ. ಪ್ಲಾಸ್ಟಿಕ್ಕೇ ಹಾಕುವುದಾದರೆ ಒಳಬದಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪಿನ ನೀರು ಸವರಿ ಒಣಬಟ್ಟೆಯಿಂದ ಒರೆಸಿ, ಉಸಿರಿನ ಮಂಜು ಬೇಗ ಕೂರುವುದಿಲ್ಲ. ಯಾವುದು ಹಾಕಿದರೂ ಮಂದ ಬೆಳಕಿನಲ್ಲಿ ಮೆಟ್ಟಿಲು ಇಳಿಯುವಾಗ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಳ್ಳಿ. ನಿಮ್ಮ ಕಾಲು ನಿಮಗೆ ಕಾಣುವುದಿಲ್ಲ.